ಲಿಪ್ ಸಿಂಕ್‌ನಿಂದ ಸ್ವಂತ ಹಾಡಿಗೆ: ಡ್ರ್ಯಾಗ್ ಕಲಾವಿದರು ಸಂಗೀತ ಕಟ್ಟುವ ಬಗೆ

ಡಿಜೆ ಒಂದು ಹಳೆಯ ಹಿಟ್ ಹಾಕುತ್ತಾರೆ. ಎರಡೇ ಸೆಕೆಂಡು, ಕ್ಲಬ್ಬಿನ ತುಂಬ ಕೇಕೆ. ವೇಷ ಕಟ್ಟಿ ರಂಗಕ್ಕೆ ಬರುವ ಡ್ರ್ಯಾಗ್ ಕಲಾವಿದರು ಇನ್ನೂ ಪರದೆಯ ಹಿಂದೆಯೇ ಇದ್ದಾರೆ, ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಆ ಕೇಕೆ ಬಿದ್ದದ್ದು ಹಾಡಿಗೆ. ಜನ ಅದನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದಾರೆ. ಯಾವ ಸಾಲಾದ ಮೇಲೆ ಯಾವ ಸಾಲು ಅಂತ ಎಲ್ಲರಿಗೂ ಬಾಯಿಪಾಠ. ಇನ್ನು ಮೂರ್ನಾಲ್ಕು ನಿಮಿಷ ಕಲಾವಿದರು ಆ ಹಾಡಿಗೆ ತುಟಿ ಆಡಿಸುತ್ತಾರೆ, ಅದೇ ಲಿಪ್ ಸಿಂಕ್. ಅವರ ಕೆಲಸ ಇಷ್ಟೇ: ಎಲ್ಲರಿಗೂ ಗೊತ್ತಿರುವ ಆ ಹಾಡಿನಲ್ಲಿ ಯಾರೂ ನೋಡದ ಒಂದು ಮುಖ ತೋರಿಸುವುದು. ಅಳುವ ಸಾಲಿಗೆ ನಗಿಸುವುದು. ತುಂಟ ಸಾಲಿಗೆ ಗಂಟಲು ಕಟ್ಟುವಂತೆ ಮಾಡುವುದು. ಉಸಿರೆಳೆಯುವ ಸದ್ದಿಗೂ ಸರಿಯಾಗಿ ಎದೆ ಏರಿಸುವುದು.

ಅದೇ ಕಲಾವಿದರು ಒಂದು ದಿನ ಮೈಕ್ ಹಿಡಿದು, "ಇದು ನಾನೇ ಬರೆದ ಹಾಡು" ಅನ್ನುತ್ತಾರೆ. ಟ್ರ್ಯಾಕ್ ಶುರುವಾಗುತ್ತದೆ. ಕೇಕೆ ಬರುವುದಿಲ್ಲ. ಹಾಡು ಯಾರಿಗೂ ಗೊತ್ತಿಲ್ಲ, ಕೂಗಲಿಕ್ಕೆ ಕಾರಣವೇ ಇಲ್ಲ.

ಡ್ರ್ಯಾಗ್ ಕಲಾವಿದರು ಸ್ವಂತ ಸಂಗೀತಕ್ಕೆ ಕೈಹಾಕಿದರೆ ಜನ ಮೊದಲು ಕೇಳುವುದು "ಅವರಿಗೆ ಹಾಡೋಕೆ ಬರುತ್ತಾ?" ಅಂತ. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಲಿಪ್ ಸಿಂಕ್ ನಿಂತಿರುವುದೇ ನೋಡುವವರ ನೆನಪಿನ ಮೇಲೆ. ಹೊಸ ಹಾಡಿಗೆ ಆ ನೆನಪಿನ ಬೆಂಬಲ ಇರುವುದಿಲ್ಲ. ಅದನ್ನು ಎಲ್ಲಿಂದ ತರುವುದು, ಹೇಗೆ ಕಟ್ಟುವುದು ಅನ್ನುವುದೇ ಈ ದಾರಿಯ ದೊಡ್ಡ ಕಷ್ಟ. ಗೆದ್ದವರು ಹೇಗೆ ಗೆದ್ದರು ಅಂತ ನೋಡಿದರೆ ಪ್ರತಿ ಸಲವೂ ಇದೇ ಕಷ್ಟಕ್ಕೆ ಅವರವರದೇ ಒಂದು ಉತ್ತರ ಕಾಣುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಡ್ರ್ಯಾಗ್ ಅಂದರೆ ವೇಷ ಕಟ್ಟಿ, ಬೇರೆ ಹೆಸರಿಟ್ಟುಕೊಂಡು, ಒಂದು ಪಾತ್ರವಾಗಿ ರಂಗಕ್ಕೆ ಬರುವ ಕಲೆ. ಹೆಚ್ಚಾಗಿ ಗಂಡಸರು ಹೆಣ್ಣುವೇಷದಲ್ಲಿ ಬರುತ್ತಾರೆ. ಹೆಂಗಸರೂ ಇದ್ದಾರೆ, ಟ್ರಾನ್ಸ್ ಕಲಾವಿದರೂ ಇದ್ದಾರೆ. ರಂಗದ ವೇಷ ಬೇರೆ, ಮನುಷ್ಯರ ಲಿಂಗ ಗುರುತು ಬೇರೆ. ಎರಡನ್ನೂ ಕಲಸಿಕೊಳ್ಳಬಾರದು.

ಮೊದಲು ಹಾಡುತ್ತಿದ್ದರು

ಲಿಪ್ ಸಿಂಕ್ ಡ್ರ್ಯಾಗ್‌ನ ಹುಟ್ಟುಗುಣ ಅಂತ ಬಹಳ ಜನ ತಿಳಿದಿದ್ದಾರೆ. ಇತಿಹಾಸ ಹಾಗಿಲ್ಲ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ವಾಡ್‌ವಿಲ್ ಎಂಬ ವಿನೋದ ಪ್ರದರ್ಶನಗಳ ರಂಗದಲ್ಲಿ ಹೆಣ್ಣುವೇಷದವರು ಸ್ವಂತ ಗಂಟಲಿನಲ್ಲೇ ಹಾಡುತ್ತಿದ್ದರು. ಅವರಲ್ಲಿ ಜೂಲಿಯನ್ ಎಲ್ಟಿಂಗ್ ಎಷ್ಟು ದೊಡ್ಡ ತಾರೆ ಅಂದರೆ, 1912ರಲ್ಲಿ ನ್ಯೂಯಾರ್ಕಿನ 42ನೇ ಬೀದಿಯಲ್ಲಿ ಅವರ ಹೆಸರಿನಲ್ಲೇ ಒಂದು ರಂಗಮಂದಿರ ತೆರೆಯಿತು.

ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ರೆಕಾರ್ಡು ಎಲ್ಲೆಡೆ ಸಿಗತೊಡಗಿತು. ಸಣ್ಣ ಬಾರಿನವರಿಗೆ ವಾದ್ಯದವರ ಸಂಬಳಕ್ಕಿಂತ ರೆಕಾರ್ಡು ಅಗ್ಗ. 1960ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಎಸ್ತರ್ ನ್ಯೂಟನ್ ಶಿಕಾಗೊ, ಕಾನ್ಸಸ್ ಸಿಟಿಯ ಕ್ಲಬ್ಬುಗಳಲ್ಲಿ ಈ ಕಲಾವಿದರ ಜೊತೆಗಿದ್ದು ಅಧ್ಯಯನ ಮಾಡಿದರು. ಅಲ್ಲಿ ಅವರಿಗೆ ಎರಡು ಪಂಗಡ ಕಂಡವು. ಬಾಯಿಬಿಟ್ಟು ಹಾಡುವ, ಮಾತಾಡಿ ನಗಿಸುವ ಲೈವ್ ಕಲಾವಿದರು ಒಂದು ಕಡೆ. ರೆಕಾರ್ಡಿಗೆ ತುಟಿ ಆಡಿಸುವವರು ಇನ್ನೊಂದು ಕಡೆ. ಲೈವ್‌ನವರು ರೆಕಾರ್ಡಿನವರನ್ನು ಒಂದು ಮೆಟ್ಟಿಲು ಕೆಳಗೇ ಇಟ್ಟು ನೋಡುತ್ತಿದ್ದರು.

ಆ ತಾತ್ಸಾರವನ್ನು ನಾನು ಒಪ್ಪುವುದಿಲ್ಲ. ಹಾಡು ಕಟ್ಟುವುದನ್ನು ಕಲಿಯಲಿಕ್ಕೆ ಲಿಪ್ ಸಿಂಕ್‌ನಂಥ ಶಾಲೆ ಕಡಿಮೆ. ಒಂದೇ ಹಾಡನ್ನು ನೂರಾರು ರಾತ್ರಿ ಮೈಯಲ್ಲಿ ಹೊತ್ತವರಿಗೆ, ಗಾಯಕಿ ಎಲ್ಲಿ ಉಸಿರು ಎಳೆಯುತ್ತಾಳೆ, ಯಾವ ಶಬ್ದವನ್ನು ಬೇಕಂತಲೇ ತಡವಾಗಿ ಬಿಡುತ್ತಾಳೆ ಅಂತ ಗೊತ್ತಿರುತ್ತದೆ. ಎರಡನೇ ಪಲ್ಲವಿ ಮುಗಿದ ಮೇಲೆ ಜನ ಯಾಕೆ ಸ್ವಲ್ಪ ಸಡಿಲವಾಗುತ್ತಾರೆ, ಅವರನ್ನು ವಾಪಸ್ ಎಳೆಯಲು ಹಾಡಿನ ತಿರುವು ಎಲ್ಲಿ ಬೇಕು ಅನ್ನುವುದೂ ಗೊತ್ತಿರುತ್ತದೆ. ಸ್ಟುಡಿಯೋದಲ್ಲೇ ಕೂತು ಬೆಳೆದ ಸಂಗೀತಗಾರರಿಗೆ ಈ ತಿಳಿವಳಿಕೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಗೊತ್ತಿಲ್ಲದ ಹಾಡನ್ನು ಗೊತ್ತು ಮಾಡಿಸುವುದು

ಅಮೆರಿಕದ ಡ್ರ್ಯಾಗ್ ಕಲಾವಿದ ರುಪಾಲ್ 1992ರ ಕೊನೆಯಲ್ಲಿ 'ಸೂಪರ್ ಮಾಡೆಲ್' ಹಾಡು ಹೊರತಂದಾಗ ಅವರು ಹೊಸಬರೇನಲ್ಲ. ಅಟ್ಲಾಂಟಾದ ಬ್ಯಾಂಡು, ನ್ಯೂಯಾರ್ಕಿನ ಕ್ಲಬ್ಬು ಅಂತ ಸುಮಾರು ಹತ್ತು ವರ್ಷ ಸುತ್ತಿದ್ದರು. ಹಾಡನ್ನು ಅವರೂ, ಜಿಮ್ಮಿ ಹ್ಯಾರಿ, ಲ್ಯಾರಿ ಟೀ ಅವರೂ ಸೇರಿ ಬರೆದರು. ಹೊರತಂದದ್ದು ಹಿಪ್ ಹಾಪ್‌ಗೆ ಹೆಸರಾದ ಟಾಮಿ ಬಾಯ್ ಲೇಬಲ್. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಅದು 45ನೇ ಸ್ಥಾನಕ್ಕೆ ಹೋಯಿತು, ಡಾನ್ಸ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ.

ಆ ಹಾಡು ಮಾಡುವ ಕೆಲಸ ಗಮನಿಸಿ. ಅದರಲ್ಲಿ ರುಪಾಲ್ ದೊಡ್ಡ ಸ್ವರಗಳನ್ನು ಮುಟ್ಟಲು ಹೋಗುವುದಿಲ್ಲ. ಅರ್ಧ ಹಾಡು, ಅರ್ಧ ಮಾತು. ನಡುವೆ ಆ ಕಾಲದ ಪ್ರಸಿದ್ಧ ಮಾಡೆಲ್‌ಗಳ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾರೆ. 1992ರಲ್ಲಿ ಟಿವಿ, ಪತ್ರಿಕೆ ಎಲ್ಲ ಕಡೆ ಇದ್ದ ಹೆಸರುಗಳು ಅವು. ಹಾಡು ಹೊಸದು, ಆದರೆ ಕೇಳುವವರ ತಲೆಯಲ್ಲಿ ಆ ಮುಖಗಳು, ಆ ನಡಿಗೆ ಆಗಲೇ ಇದ್ದವು. ಲಿಪ್ ಸಿಂಕ್‌ನಲ್ಲಿ ಹಾಡಿನ ನೆನಪನ್ನು ಬಳಸುತ್ತಿದ್ದ ಕಲೆ ಇಲ್ಲಿ ಫ್ಯಾಷನ್ ಲೋಕದ ನೆನಪನ್ನು ಕಡ ತಂದಿತು. ತುಂಬಾ ಜಾಣ ಉಪಾಯ ಅಂತ ನನಗೆ ಅನಿಸುತ್ತದೆ.

2009ರಲ್ಲಿ 'ರುಪಾಲ್ಸ್ ಡ್ರ್ಯಾಗ್ ರೇಸ್' ಟಿವಿ ಸ್ಪರ್ಧೆ ಶುರುವಾದ ಮೇಲೆ ಈ ಉಪಾಯಕ್ಕೆ ಒಂದು ಅಡ್ಡದಾರಿ ಸಿಕ್ಕಿತು. ಸ್ಪರ್ಧಿಯ ಬಾಯಿಂದ ಒಂದು ಮಾತು ಬೀಳುತ್ತದೆ. ಅದು ಜನರಿಗೆ ಇಷ್ಟವಾಗುತ್ತದೆ, ಎಲ್ಲರೂ ಅದನ್ನೇ ಆಡಿಕೊಳ್ಳುತ್ತಾರೆ. ತಡ ಮಾಡದೆ ಆ ಮಾತನ್ನೇ ಪಲ್ಲವಿ ಮಾಡಿ, ಕೆಳಗೊಂದು ಡಾನ್ಸ್ ಬೀಟ್ ಹಾಕಿದರೆ ಸಿಂಗಲ್, ಅಂದರೆ ಬಿಡಿಯಾಗಿ ಹೊರತರುವ ಹಾಡು, ರೆಡಿ. ನೆನಪನ್ನು ಟಿವಿಯೇ ಕಟ್ಟಿಕೊಟ್ಟಿರುವುದರಿಂದ ಕ್ಲಬ್ಬಿನಲ್ಲಿ ಮೊದಲ ದಿನವೇ ಜನ ಜೊತೆಗೆ ಕೂಗುತ್ತಾರೆ.

ಇದರಲ್ಲಿ ತಪ್ಪೇನೂ ಇಲ್ಲ. ಹಾಡು ಮಾಡಿ ಅಭ್ಯಾಸವಿಲ್ಲದವರಿಗೆ ಸ್ಟುಡಿಯೋ ಪರಿಚಯವಾಗುತ್ತದೆ, ಪ್ರವಾಸಕ್ಕೆ ರಂಗದ ಮೇಲೆ ಕೊಡುವ ಒಂದು ಸ್ವಂತ ನಂಬರ್ ಸಿಗುತ್ತದೆ. ಆದರೆ ಟಿವಿ ಕೊಟ್ಟ ನೆನಪಿಗೆ ಆಯಸ್ಸು ಕಡಿಮೆ. ಮುಂದಿನ ಸೀಸನ್ ಬಂದರೆ ಹೊಸ ಮುಖ, ಹೊಸ ಮಾತು. ಆ ಮಾತಿನ ಹಿಂದೆ ಏನು ನಡೆದಿತ್ತು ಅಂತ ಗೊತ್ತಿಲ್ಲದವರು ಕೇಳಿದಾಗ ಹಾಡು ಬೋಳು ಅನಿಸುತ್ತದೆ. ಅಲ್ಲಿಂದಾಚೆ ಉಳಿಯಬೇಕಾದರೆ ಹಾಡು ತನ್ನ ಕಾಲ ಮೇಲೆ ತಾನು ನಿಲ್ಲಬೇಕು.

ಗಂಟಲು, ಉಸಿರು, ಕಾರ್ಸೆಟ್

ಈಗ ಆ ಎರಡನೆಯ ಪ್ರಶ್ನೆಗೆ ಬರೋಣ. ಹಾಡೋಕೆ ಬರಬೇಕಾ? ಇದಕ್ಕೆ ಇಬ್ಬರು ಎರಡು ತುದಿಯಿಂದ ಉತ್ತರ ಕೊಟ್ಟಿದ್ದಾರೆ.

ಒಬ್ಬರು ಡಿವೈನ್. ಬಾಲ್ಟಿಮೋರ್‌ನವರು, ನಿರ್ದೇಶಕ ಜಾನ್ ವಾಟರ್ಸ್ ಸಿನಿಮಾಗಳಿಂದ ಹೆಸರಾದವರು. 1980ರ ದಶಕದಲ್ಲಿ ಡಾನ್ಸ್ ಹಾಡುಗಳಿಗೆ ಬಂದರು. ಅವರ ದನಿ ಒರಟು, ಹಾಡುವುದಕ್ಕಿಂತ ಗದರುವುದು ಜಾಸ್ತಿ. ಹಾಡು ಮಾಡಿಕೊಟ್ಟವರು ಆ ಒರಟುತನವನ್ನು ಮುಚ್ಚಲು ಹೋಗಲಿಲ್ಲ. ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಹೊಳೆಯುವ ಸದ್ದಿನ ಮೇಲೆ ಅದನ್ನು ಹಾಗೇ ಕೂರಿಸಿದರು. 1984ರಲ್ಲಿ 'ಯು ಥಿಂಕ್ ಯು ಆರ್ ಎ ಮ್ಯಾನ್' ಬ್ರಿಟನ್ ಪಟ್ಟಿಯಲ್ಲಿ 16ನೇ ಸ್ಥಾನಕ್ಕೆ ಹೋಯಿತು. ಅದನ್ನು ಮಾಡಿದ ಸ್ಟಾಕ್, ಐಟ್ಕನ್, ವಾಟರ್‌ಮನ್ ತಂಡ ಮುಂದೆ ಆ ದಶಕದ ಪಾಪ್ ಸಂಗೀತವನ್ನೇ ಆಳಿತು.

ಇನ್ನೊಬ್ಬರು ಸಿಲ್ವೆಸ್ಟರ್. ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಗಾಸ್ಪೆಲ್ ಭಕ್ತಿಗೀತೆ ಹಾಡಿ ಬೆಳೆದವರು. 1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಕಾಕೆಟ್ಸ್ ಅನ್ನುವ ಡ್ರ್ಯಾಗ್ ತಂಡ ಸೇರಿದರು. ಆ ತಂಡದಲ್ಲಿ ಗದ್ದಲ, ಮಿನುಗು ಎಲ್ಲ ಇತ್ತು, ನಡುವೆ ಇವರು ನಿಂತು ನಿಜವಾಗಿಯೂ ಹಾಡುತ್ತಿದ್ದರು. 1978ರ 'ಯು ಮೇಕ್ ಮಿ ಫೀಲ್ (ಮೈಟಿ ರಿಯಲ್)' ಅವರೂ ಗಿಟಾರ್ ವಾದಕ ಜೇಮ್ಸ್ ವಿರಿಕ್ ಅವರೂ ಸೇರಿ ಬರೆದದ್ದು. ಮೊದಲು ಅದು ಮಧ್ಯಮ ಲಯದ, ಗಾಸ್ಪೆಲ್ ಛಾಯೆಯ ಹಾಡಾಗಿತ್ತು. ರಿಹರ್ಸಲ್ ಕೇಳಿದ ಸಂಗೀತಗಾರ ಪ್ಯಾಟ್ರಿಕ್ ಕೌಲಿ ತಮ್ಮ ಸಿಂಥಸೈಜರ್ ತಂದರು, ಹಾಡು ಓಡತೊಡಗಿತು. ಮೇಲೆ ಸಿಲ್ವೆಸ್ಟರ್ ಅವರ ಫಾಲ್ಸೆಟ್ಟೊ, ಅಂದರೆ ತೆಳುವಾದ ಏರುದನಿ. ಯಂತ್ರದ ಬಡಿತದ ಮೇಲೆ ಪ್ರಾರ್ಥನೆಯ ಕಾವು. ಇವತ್ತಿಗೂ ಕೇಳಿದರೆ ಮೈ ಜುಮ್ಮೆನ್ನುತ್ತದೆ. 2019ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಹಾಡನ್ನು ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿತು. ತಮ್ಮನ್ನು ಸುಮ್ನೆ 'ಡ್ರ್ಯಾಗ್ ಕ್ವೀನ್' ಅಂತ ಕರೆಯುವುದನ್ನು ಸಿಲ್ವೆಸ್ಟರ್ ಒಪ್ಪುತ್ತಿರಲಿಲ್ಲ, ಅದನ್ನೂ ಹೇಳಬೇಕು. 1988ರಲ್ಲಿ ಏಡ್ಸ್ ಅವರನ್ನು ಬಲಿ ತೆಗೆದುಕೊಂಡಿತು, ಆಗ ವಯಸ್ಸು 41. ಹಾಡಿನಿಂದ ಬರುವ ದುಡ್ಡನ್ನು ಏಡ್ಸ್ ರೋಗಿಗಳಿಗೆ ನೆರವಾಗುವ ಸಂಸ್ಥೆಗಳಿಗೆ ಬರೆದಿಟ್ಟಿದ್ದರು.

ಅಂದರೆ ದನಿ ಹೀಗೇ ಇರಬೇಕು ಅನ್ನುವ ಕಟ್ಟಳೆ ಇಲ್ಲ. ದನಿಗೆ ತಕ್ಕ ಹಾಡು ಕಟ್ಟಬೇಕು, ಅಷ್ಟೇ.

ಕಟ್ಟಿದ ಮೇಲೂ ಇನ್ನೊಂದು ತೊಡಕಿದೆ, ಅದು ವೇಷದ್ದು. ಹಾಡನ್ನು ರೆಕಾರ್ಡ್ ಮಾಡುವುದು ಟೀ ಶರ್ಟ್ ಹಾಕಿಕೊಂಡು, ಬರಿಗಾಲಲ್ಲಿ, ಸ್ಟುಡಿಯೋದ ತಣ್ಣನೆಯ ಕೋಣೆಯಲ್ಲಿ. ರಂಗದ ಮೇಲೆ ಅದನ್ನೇ ಹಾಡುವಾಗ ಸೊಂಟ ಸಣ್ಣದಾಗಿ ಕಾಣಿಸುವ ಬಿಗಿಯಾದ ಕಾರ್ಸೆಟ್ ತೊಟ್ಟಿರುತ್ತಾರೆ. ಗಾಯಕರು ಉಸಿರು ತುಂಬಿಕೊಳ್ಳುವಾಗ ಕೆಳಗಿನ ಪಕ್ಕೆಲುಬು ಹೊರಗೆ ಅರಳಬೇಕು, ಹೊಟ್ಟೆ ಮುಂದಕ್ಕೆ ಬರಬೇಕು. ಕಾರ್ಸೆಟ್ ಹಿಡಿದಿಡುವುದು ಆ ಎರಡನ್ನೇ. ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತುಬಿಡುತ್ತದೆ, ಭುಜ ಏರುತ್ತದೆ, ಗಂಟಲು ಬಿಗಿಯುತ್ತದೆ. ಸ್ಟುಡಿಯೋದಲ್ಲಿ ಒಂದೇ ಉಸಿರಿಗೆ ಸಲೀಸಾಗಿ ಹಾಡಿದ ಉದ್ದದ ಸಾಲು ಇಲ್ಲಿ ನಡುವೆಯೇ ಕಡಿಯುತ್ತದೆ. ಇದರ ಜೊತೆಗೆ ಎತ್ತರದ ಹಿಮ್ಮಡಿ. ತೊಡೆಗೆ, ಸೊಂಟಕ್ಕೆ ಫೋಮ್ ಪ್ಯಾಡು, ಅದರ ಮೇಲೆ ಹಲವು ಪದರ ಟೈಟ್ಸು. ತಲೆಗೆ ಪಿನ್ನು ಚುಚ್ಚಿ ಕೂರಿಸಿದ ಭಾರದ ವಿಗ್ಗು, ಅದರ ಕೆಳಗೆ ಹಾಡು ಕೇಳಿಸಲು ಕಿವಿಗೆ ಪುಟ್ಟ ಮಾನಿಟರ್. ಲಿಪ್ ಸಿಂಕ್ ಮಾಡುವಾಗ ಎರಡೂ ಕೈ ಅಭಿನಯಕ್ಕೆ ಇದ್ದವು. ಈಗ ಒಂದು ಕೈ ಮೈಕಿಗೆ ಹೋಯಿತು. ಅಭ್ಯಾಸದ ನೃತ್ಯವನ್ನೆಲ್ಲ ಒಂದೇ ಕೈಗೆ ಮರುಜೋಡಿಸಬೇಕು.

ಅನುಭವಸ್ಥರು ಇದನ್ನು ಬರೆಯುವ ಹಂತದಲ್ಲೇ ಲೆಕ್ಕಕ್ಕೆ ಹಿಡಿಯುತ್ತಾರೆ. ಸಾಲು ಗಿಡ್ಡ ಮಾಡುತ್ತಾರೆ. ಪಲ್ಲವಿಯ ನಡುವೆ ಕೋರಸ್ ಹಾಡುವವರಿಗೆ ಎರಡು ಮಾತ್ರೆ ಬಿಟ್ಟು, ತಾವು ಉಸಿರು ತೆಗೆದುಕೊಳ್ಳುತ್ತಾರೆ. ಕೆಲವರು ಹಾಡುವ ಶೋಗೆ ಅಂತಲೇ ಸಡಿಲವಾದ ಕಾರ್ಸೆಟ್ ಹೊಲಿಸುತ್ತಾರೆ, ಕೆಲವರು ಕುಣಿತ ಜಾಸ್ತಿ ಇರುವ ಕಡೆ ರೆಕಾರ್ಡ್ ಆದ ದನಿಯ ಆಸರೆ ಇಟ್ಟುಕೊಳ್ಳುತ್ತಾರೆ.

ಹಾಡು ಹುಟ್ಟುವ ಕೋಣೆ

ಹೆಚ್ಚಿನ ಡಾನ್ಸ್ ಹಾಡುಗಳಿಗೆ ಮೊದಲು ಬೀಟ್ ಬರುತ್ತದೆ. ಪ್ರೊಡ್ಯೂಸರ್ ಒಂದು ಟ್ರ್ಯಾಕ್ ಮಾಡಿಟ್ಟಿರುತ್ತಾರೆ, ನಿಮಿಷಕ್ಕೆ ಸುಮಾರು 120ರಿಂದ 128 ಬಡಿತ. ಅದರ ಮೇಲೆ ರಾಗ, ಮಾತು ಕೂರಿಸುವ ಭಾಗವನ್ನು ಟಾಪ್‌ಲೈನ್ ಅನ್ನುತ್ತಾರೆ. ಕಲಾವಿದರು, ಪ್ರೊಡ್ಯೂಸರ್, ಜೊತೆಗೆ ಒಬ್ಬಿಬ್ಬರು ಬರೆಯುವವರು ಕೂತು, ಅರ್ಥವಿಲ್ಲದ ಶಬ್ದಗಳಲ್ಲೇ ರಾಗ ಗುನುಗುತ್ತ ಹುಡುಕುತ್ತಾರೆ. ಮಾತು ಆಮೇಲೆ.

ಇಲ್ಲಿ ಡ್ರ್ಯಾಗ್‌ನವರು ತರುವ ವಿಶೇಷ ಏನೆಂದರೆ, ಅವರಿಗೆ ಹಾಡಿನ ಜೊತೆಗೇ ರಂಗವೂ ಕಾಣುತ್ತಿರುತ್ತದೆ. ಪ್ರವೇಶಕ್ಕೆ ಮೊದಲ ಎಂಟು ಬಾರ್ (ತಾಳದ ಆವರ್ತ) ಬೇಕು, ಪರದೆಯಿಂದ ನಡುರಂಗದವರೆಗೆ ನಡೆಯಬೇಕಲ್ವಾ. ಮೇಲಿನ ಗೌನು ಕಳಚಿ ಒಳಗಿನ ಇನ್ನೊಂದು ವೇಷ ತೋರಿಸುವ ರಿವೀಲ್‌ಗೆ ಸದ್ದು ಪೂರ್ತಿ ನಿಲ್ಲುವ ಒಂದು ಜಾಗ ಬೇಕು. ಕೊನೆಯ ಪಲ್ಲವಿಗೆ ಮೊದಲು ಡ್ರಮ್ ಏರುತ್ತ ಹೋಗಬೇಕು, ಬೆನ್ನ ಮೇಲೆ ದೊಪ್ಪನೆ ಬೀಳುವ ವರಸೆ ಸರಿಯಾಗಿ ಆ ಬಡಿತಕ್ಕೇ ಬರಬೇಕು. ಬರೆಯುವಾಗಲೇ "ಇಲ್ಲಿ ಗೌನು ಬೀಳುತ್ತೆ" ಅಂತ ಗುರುತು ಹಾಕುತ್ತಾರೆ. ನನಗೆ ಈ ಹಾಡುಗಳಲ್ಲಿ ತುಂಬಾ ಹಿಡಿಸುವುದು ಇದೇ. ಕಣ್ಣುಮುಚ್ಚಿ ಕೇಳಿದರೂ ಯಾರೋ ನಡೆದು ಬರುತ್ತಿರುವುದು, ನಿಂತು ತಿರುಗುವುದು ಗೊತ್ತಾಗುತ್ತದೆ.

ದುಡ್ಡು ಯಾರ ಕೈಗೆ

ಸ್ವಂತ ಹಾಡಿಗೆ ಬರುವುದರ ಹಿಂದೆ ಕಲೆಯ ಹಂಬಲದಷ್ಟೇ ಗಟ್ಟಿಯಾದ ಕಾರಣ ದುಡ್ಡು. ಇದು ಸ್ವಲ್ಪ ಸಿಕ್ಕಿನ ವಿಷಯ, ನಿಧಾನವಾಗಿ ನೋಡೋಣ. ಇಲ್ಲಿ ಹೇಳುತ್ತಿರುವುದು ಅಮೆರಿಕದ ಕಾನೂನು.

ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಮೊದಲನೆಯದು ರಚನೆ, ಅಂದರೆ ರಾಗ ಮತ್ತು ಸಾಹಿತ್ಯ. ಎರಡನೆಯದು ಧ್ವನಿಮುದ್ರಣ, ಅದಕ್ಕೆ 'ಮಾಸ್ಟರ್' ಅನ್ನುತ್ತಾರೆ. ಎರಡಕ್ಕೂ ಬೇರೆ ಬೇರೆ ಮಾಲೀಕರಿರಬಹುದು.

ಬಾರಿನಲ್ಲಿ ಲಿಪ್ ಸಿಂಕ್ ನಡೆಯುವಾಗ, ಆ ಹಾಡನ್ನು ಹಾಕಲು ಬಾರಿನವರು ಲೈಸೆನ್ಸ್ ಪಡೆದಿರಬೇಕು. 1914ರಲ್ಲಿ ಶುರುವಾದ ಆಸ್ಕ್ಯಾಪ್, 1939ರಲ್ಲಿ ಶುರುವಾದ ಬಿಎಂಐ, ಇಂಥ ಸಂಸ್ಥೆಗಳು ಆ ಹಣವನ್ನು ವಸೂಲು ಮಾಡಿ ಹಾಡು ಬರೆದವರಿಗೆ, ಪ್ರಕಾಶಕರಿಗೆ ಹಂಚುತ್ತವೆ. ಧ್ವನಿಮುದ್ರಣದಲ್ಲಿ ಹಾಡಿದ ಗಾಯಕಿಗೆ ಅದರಲ್ಲಿ ಪಾಲಿಲ್ಲ. ಲಿಪ್ ಸಿಂಕ್ ಮಾಡಿದವರಿಗಂತೂ ಇಲ್ಲವೇ ಇಲ್ಲ. ಅವರಿಗೆ ಸಿಗುವುದು ಆ ರಾತ್ರಿಯ ಸಂಭಾವನೆ, ಜನ ಚಾಚುವ ಡಾಲರ್ ನೋಟು. ಅದೇ ಪ್ರದರ್ಶನವನ್ನು ವಿಡಿಯೋ ಮಾಡಿ ಯೂಟ್ಯೂಬ್‌ಗೆ ಹಾಕಿದರೆ, ಹಾಡನ್ನು ಯಂತ್ರವೇ ಗುರುತು ಹಿಡಿಯುತ್ತದೆ. ಜಾಹೀರಾತಿನ ಹಣ ಹಾಡಿನ ಮಾಲೀಕರ ಕಡೆ ಹೋಗಬಹುದು, ಇಲ್ಲವೇ ವಿಡಿಯೋನೇ ಹೋಗಬಹುದು. ತಿಂಗಳುಗಟ್ಟಲೆ ಹೊಲಿದ ವೇಷ, ಕಲಿತ ನೃತ್ಯ ಇದ್ದರೂ, ದುಡಿಮೆಯ ಫಲ ಉಳಿಯುವಂತೆ ಇಟ್ಟುಕೊಳ್ಳಲು ಜಾಗವೇ ಇರುವುದಿಲ್ಲ.

ಬೇರೆಯವರ ಹಾಡನ್ನು ತಾವೇ ಹಾಡಿ ರೆಕಾರ್ಡ್ ಮಾಡುವುದು ಒಂದು ಮಧ್ಯದ ದಾರಿ. ಅಮೆರಿಕದಲ್ಲಿ 1909ರಿಂದಲೂ ಇದಕ್ಕೆ ಕಡ್ಡಾಯ ಲೈಸೆನ್ಸ್ ಇದೆ. ಒಮ್ಮೆ ಬಿಡುಗಡೆಯಾದ ಹಾಡನ್ನು ನಿಗದಿ ದರ ಕೊಟ್ಟು ಯಾರು ಬೇಕಾದರೂ ಹಾಡಬಹುದು. ಸಿಡಿ, ಡೌನ್‌ಲೋಡ್‌ಗೆ ಪ್ರತಿಗೆ ಈ ದರ ಬಹಳ ವರ್ಷ 9.1 ಸೆಂಟ್ ಇತ್ತು, 2023ರಲ್ಲಿ 12 ಸೆಂಟ್ ಆಯಿತು. ಆದರೆ ಈ ಲೈಸೆನ್ಸ್‌ನಲ್ಲಿ ಮೂಲ ರಾಗವನ್ನೋ ಹಾಡಿನ ಗುಣವನ್ನೋ ಬದಲಿಸುವಂತಿಲ್ಲ.

ಡ್ರ್ಯಾಗ್‌ನವರಿಗೆ ಬದಲಿಸುವುದೇ ಪ್ರಾಣ. ಗೊತ್ತಿರುವ ಹಾಡಿಗೆ ತುಂಟ ಸಾಹಿತ್ಯ ಹೊಸೆದು ಹಾಡುವ ಅಣಕುಹಾಡು ಅವರಲ್ಲಿ ಹಳೆಯ ಸಂಪ್ರದಾಯ. ಬರವಣಿಗೆಯ ಮೊದಲ ಪಾಠ ಹೆಚ್ಚಿನವರಿಗೆ ಅಲ್ಲೇ ಆಗುತ್ತದೆ. 1994ರಲ್ಲಿ ಟು ಲೈವ್ ಕ್ರೂ ಎಂಬ ರ‍್ಯಾಪ್ ತಂಡದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವ್ಯಾಪಾರಕ್ಕಾಗಿ ಮಾಡಿದ ಅಣಕುಹಾಡಿಗೂ ನ್ಯಾಯಯುತ ಬಳಕೆಯ, ಅಂದರೆ ಅನುಮತಿಯಿಲ್ಲದೆ ಬಳಸಲು ಕಾನೂನು ಬಿಡುವ, ರಕ್ಷಣೆ ಸಿಗಬಹುದು ಎಂದಿತು. ಅಣಕು ಮೂಲ ಹಾಡಿನ ಬಗ್ಗೆಯೇ ಏನಾದರೂ ಹೇಳುತ್ತಿರಬೇಕು ಅನ್ನುವುದು ಅದರ ಒಳಗಿನ ಅಂಶ. ಮೂಲ ಹಾಡಿಗೆ ಸಂಬಂಧವೇ ಇಲ್ಲದ ತಮಾಷೆಗೆ ಅದರ ರಾಗವನ್ನು ಸುಮ್ನೆ ಎತ್ತಿಕೊಂಡರೆ ರಕ್ಷಣೆ ತೆಳುವಾಗುತ್ತದೆ. ಪ್ರತಿ ಸಲ ಕೋರ್ಟಿನ ಲೆಕ್ಕಾಚಾರ ಮಾಡಿಕೊಂಡು ಹಾಡು ಬರೆಯುವುದು ಯಾರಿಗೆ ಬೇಕು? ಸ್ವಂತ ರಾಗ ಕಟ್ಟಿಕೊಂಡರೆ ಈ ಭಯವೇ ಇಲ್ಲ.

ರುಪಾಲ್ ಇದನ್ನು ಚೆನ್ನಾಗಿ ಅರಿತವರು. ಅವರ ಟಿವಿ ಸ್ಪರ್ಧೆಯಲ್ಲಿ ಸ್ಪರ್ಧಿಗಳು ವೇಷ ತೋರಿಸುತ್ತ ರನ್‌ವೇ ಎಂಬ ವೇದಿಕೆಯ ಮೇಲೆ ನಡೆಯುವಾಗ ಕೇಳಿಸುವುದು ರುಪಾಲ್ ಅವರದೇ ಹಾಡು. ಹೊರಗಿನ ಹಾಡಾಗಿದ್ದರೆ ಅದರ ಮಾಲೀಕರಿಗೆ ಹಣ ಕೊಡಬೇಕಿತ್ತು.

ಆದರೆ ಸ್ವಂತ ಹಾಡು ಅಂದ ಮಾತ್ರಕ್ಕೆ ಎಲ್ಲ ಹಣ ತಾನಾಗಿ ಮನೆಗೆ ಬರುವುದಿಲ್ಲ. ಹಾಡು ಹುಟ್ಟಿದ ದಿನವೇ, ಕೋಣೆಯಲ್ಲಿದ್ದವರಲ್ಲಿ ಯಾರಿಗೆ ಎಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಬೇಕು. ಅದಕ್ಕೆ ಸ್ಪ್ಲಿಟ್ ಶೀಟ್ ಅನ್ನುತ್ತಾರೆ. ಸ್ನೇಹದಲ್ಲಿ ಇದನ್ನು ಮುಂದೂಡಿದರೆ, ಹಾಡು ಹಿಟ್ ಆದ ದಿನ ಸ್ನೇಹವೂ ಹೋಗುತ್ತದೆ, ಹಣವೂ ಸಿಕ್ಕಿಹಾಕಿಕೊಳ್ಳುತ್ತದೆ. ಮಾಸ್ಟರ್ ಯಾರದ್ದು ಅನ್ನುವುದೂ ಬರಹದಲ್ಲಿರಬೇಕು. ಆಮೇಲೆ ನೋಂದಣಿ. ರಚನೆಯ ಪ್ರದರ್ಶನದ ಹಣಕ್ಕೆ ಆಸ್ಕ್ಯಾಪ್ ಅಥವಾ ಬಿಎಂಐ. ಸ್ಟ್ರೀಮಿಂಗ್‌ನಲ್ಲಿ ರಚನೆಗೆ ಬರುವ ಇನ್ನೊಂದು ಪಾಲಿಗೆ 2021ರಲ್ಲಿ ಕೆಲಸ ಶುರುಮಾಡಿದ ಎಂಎಲ್‌ಸಿ. ಡಿಜಿಟಲ್ ರೇಡಿಯೋದಿಂದ ಧ್ವನಿಮುದ್ರಣಕ್ಕೆ ಬರುವ ಹಣಕ್ಕೆ ಸೌಂಡ್ ಎಕ್ಸ್‌ಚೇಂಜ್. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಣಾ ಸಂಸ್ಥೆಗಳು ಇವನ್ನೆಲ್ಲ ತಾವಾಗಿ ಮಾಡಿಕೊಡುತ್ತವೆ ಅಂತ ನಂಬಿ ಕೂತರೆ ಎಷ್ಟೋ ಹಣ ಕೇಳುವವರಿಲ್ಲದೆ ಅಲ್ಲೇ ಉಳಿಯುತ್ತದೆ.

ಬರೀ ಸ್ಟ್ರೀಮಿಂಗ್ ನಂಬಿ ಬದುಕುವುದು ಕಷ್ಟ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಂಡಿರದಿದ್ದರೆ ಧ್ವನಿಮುದ್ರಣದ ಪಾಲಿಗೆ ಏನೂ ಬರುವುದಿಲ್ಲ. ಡ್ರ್ಯಾಗ್ ಕಲಾವಿದರಿಗೆ ಇಲ್ಲಿ ಒಂದು ಅನುಕೂಲ ಇದೆ. ಅವರಿಗೆ ಆಗಲೇ ಪ್ರದರ್ಶನದ ಬುಕಿಂಗ್ ಇರುತ್ತದೆ, ಟೀ ಶರ್ಟು, ಪೋಸ್ಟರು ಕೊಳ್ಳುವ ಅಭಿಮಾನಿಗಳಿರುತ್ತಾರೆ. ಹಾಡು ಆ ಪ್ರವಾಸಕ್ಕೆ ಕಾರಣ ಒದಗಿಸುತ್ತದೆ.

ಹಾಡುತ್ತಿರುವುದು ಯಾರು?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ ಇದು. ಪಾತ್ರಕ್ಕೆ ಒಂದು ಹೆಸರು, ವೇಷ ಕಳಚಿದ ಮನುಷ್ಯನಿಗೆ ಇನ್ನೊಂದು ಹೆಸರು. 'ನಾನು' ಅಂತ ಶುರುವಾಗುವ ಸಾಲು ಇಬ್ಬರಲ್ಲಿ ಯಾರದ್ದು?

ಕುಣಿಸುವ ಹಾಡಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ, ಪಾತ್ರ ತನ್ನನ್ನು ತಾನೇ ಹೊಗಳಿಕೊಂಡರೆ ಸಾಕು. ನೋವಿನ ಹಾಡು ಬಂದಾಗ ತೊಡಕು. ಮುಖದ ಮೇಲೆ ಗಟ್ಟಿ ಮೇಕಪ್ಪು, ಹುಬ್ಬಿನ ಮೇಲೆ ಇನ್ನೊಂದು ಹುಬ್ಬು. ನೋಡುವವರು ಎಲ್ಲಿ ನಗಬೇಕು ಅಂತ ಕಾಯುತ್ತಿರುತ್ತಾರೆ.

ಟ್ರಿಕ್ಸಿ ಮ್ಯಾಟೆಲ್ ಇದನ್ನು ಎದುರಿಸಿದ ರೀತಿ ನನಗೆ ತುಂಬಾ ಇಷ್ಟ. ವಿಸ್ಕಾನ್ಸಿನ್‌ನ ಗ್ರಾಮಾಂತರದಲ್ಲಿ ಬೆಳೆದು, ಅಜ್ಜನಿಂದ ಗಿಟಾರ್ ಕಲಿತವರು. 2015ರಲ್ಲಿ ರುಪಾಲ್ ಅವರ ಟಿವಿ ಸ್ಪರ್ಧೆಗೆ ಬಂದಾಗ ಅವರ ಗುರುತು ಹಾಸ್ಯ, ಗೊಂಬೆಯ ಮುಖ, ಆಕಾಶಕ್ಕೇರಿದ ಹೊಂಬಣ್ಣದ ಕೂದಲು. ಎಲ್ಲರೂ ಡಾನ್ಸ್ ಸಿಂಗಲ್ ಬರುತ್ತದೆ ಅಂದುಕೊಳ್ಳುವ ಹೊತ್ತಿಗೆ, 2017ರಲ್ಲಿ 'ಟೂ ಬರ್ಡ್ಸ್' ಎಂಬ ಜಾನಪದ, ಕಂಟ್ರಿ ಶೈಲಿಯ ಹಾಡುಗಳ ಸಂಗ್ರಹ ತಂದರು. ಗಿಟಾರು, ಆಟೋಹಾರ್ಪು ಎಂಬ ತಂತಿವಾದ್ಯ, ಮುರಿದ ಪ್ರೀತಿ. ಮರುವರ್ಷ 'ಒನ್ ಸ್ಟೋನ್'. ರಂಗದಲ್ಲಿ ಅವರು ವೇಷವನ್ನು ತೆಗೆಯಲೂ ಇಲ್ಲ, ತಗ್ಗಿಸಲೂ ಇಲ್ಲ. ಹಾಡುಗಳ ನಡುವೆ ಜೋಕು ಹೇಳಿ ಜನರನ್ನು ಬೇಕಾದಷ್ಟು ನಗಿಸುತ್ತಾರೆ. ನಗು ಅಲ್ಲೇ ತೀರುವುದರಿಂದ ಹಾಡಿನೊಳಗೆ ಅದನ್ನು ಹುಡುಕುವ ಆತುರ ಜನರಿಗೆ ಉಳಿಯುವುದಿಲ್ಲ. ಮೂರೇ ಸ್ವರಗುಚ್ಛದ ಒಂದು ಸರಳ ಹಾಡು ಆಗ ನೇರ ತಲುಪುತ್ತದೆ.

ಆಸ್ಟ್ರಿಯಾದ ಕೊಂಚಿಟಾ ವುರ್ಸ್ಟ್ ಇನ್ನೊಂದು ದಾರಿ ಹಿಡಿದರು. 2014ರಲ್ಲಿ ಕೋಪನ್‌ಹೇಗನ್‌ನಲ್ಲಿ ಗೌನು, ಗಡ್ಡದ ಜೊತೆ ದೇಶದೇಶಗಳ ಹಾಡಿನ ಸ್ಪರ್ಧೆಯಾದ ಯೂರೋವಿಷನ್ ವೇದಿಕೆಯಲ್ಲಿ ನಿಂತು, 290 ಅಂಕ ಪಡೆದು ಗೆದ್ದರು. ಆ ಸ್ಪರ್ಧೆಯಲ್ಲಿ ಮುಖ್ಯ ದನಿ ಲೈವ್ ಆಗಿರಲೇಬೇಕು, ಹಾಗಾಗಿ ಗಂಟಲಿನ ಬಗ್ಗೆ ಯಾರಿಗೂ ಅನುಮಾನ ಉಳಿಯಲಿಲ್ಲ. ಹಾಡು ಮಾತ್ರ ಬೇರೆಯವರು ಬರೆದದ್ದು. ಕೆಲವು ವರ್ಷಗಳ ನಂತರ ಅವರು ಆ ಗೌನಿನ ರೂಪವನ್ನು ಬದಿಗಿಟ್ಟು, ಬರೀ 'ವುರ್ಸ್ಟ್' ಹೆಸರಿನಲ್ಲಿ ಎಲೆಕ್ಟ್ರಾನಿಕ್ ಸಂಗೀತಕ್ಕೆ ಹೊರಳಿದರು. 2019ರಲ್ಲಿ ಆ ಕಲಾವಿದ ಹೆಸರಿನಲ್ಲಿ ಒಂದು ಆಲ್ಬಮ್ ಬಂತು. ಪಾತ್ರದಿಂದ ಸಿಕ್ಕ ಹೆಸರನ್ನು ಹಾಡಿಗಾಗಿ ಪಣಕ್ಕಿಡುವುದಕ್ಕೆ ಧೈರ್ಯ ಬೇಕು.

ಬ್ರೆಜಿಲ್‌ನ ಪಾಬ್ಲೊ ವಿಟ್ಟಾರ್ ಅವರಿಗೆ ಈ ಇಬ್ಬಂದಿ ಅಷ್ಟಾಗಿ ಕಾಡಿದಂತಿಲ್ಲ. 2017ರ ಮೊದಲ ಆಲ್ಬಮ್‌ನಿಂದಲೇ ಅವರು ಬ್ರೆಜಿಲ್‌ನ ದೊಡ್ಡ ಪಾಪ್ ತಾರೆ. ಹೆಚ್ಚಾಗಿ ಪೋರ್ಚುಗೀಸಿನಲ್ಲಿ ಹಾಡುತ್ತಾರೆ, ಅಂತರರಾಷ್ಟ್ರೀಯ ಪಾಪ್ ಸದ್ದಿನೊಳಗೆ ತಮ್ಮ ಸೀಮೆಯ ಲಯಗಳನ್ನು ಬೆರೆಸುತ್ತಾರೆ. 2021ರಲ್ಲಿ ಅವರು ತಂದ 'ಬಾಟಿಡಾವ್ ಟ್ರಾಪಿಕಲ್' ಆಲ್ಬಮ್‌ನಲ್ಲಿ ಹೆಚ್ಚಿನವು ಬ್ರೆಜಿಲ್‌ನ ಉತ್ತರ, ಈಶಾನ್ಯ ಭಾಗದ ಹಳೆಯ ಹಿಟ್‌ಗಳು, ಅವರು ಚಿಕ್ಕಂದಿನಲ್ಲಿ ಕೇಳಿ ಬೆಳೆದವು. ಅವುಗಳ ಪಕ್ಕದಲ್ಲೇ ಕೆಲವು ಹೊಸ ಹಾಡುಗಳನ್ನೂ ಇಟ್ಟರು. ಹಳೆಯವು ಬಾಗಿಲು ತೆರೆದವು, ಹೊಸವು ಅದೇ ಬಾಗಿಲಿನಿಂದ ಒಳಗೆ ಬಂದವು.

ಸಣ್ಣ ಕ್ಲಬ್ಬಿನ ಕಲಾವಿದರೂ ಮಾಡುವುದು ಇದನ್ನೇ. ರಾತ್ರಿಯ ಮೊದಲ ನಂಬರ್ ಎಲ್ಲರಿಗೂ ಗೊತ್ತಿರುವ ಹಾಡಿಗೆ ಲಿಪ್ ಸಿಂಕ್. ಜನ ಬಿಸಿಯಾದ ಮೇಲೆ ಮೈಕ್ ಹಿಡಿದು ನಾಲ್ಕು ಮಾತು. ಆ ಮಾತಿನ ನಡುವೆಯೇ ಹೊಸ ಹಾಡಿನ ಪಲ್ಲವಿಯ ಒಂದು ಸಾಲನ್ನು ಜನರ ಬಾಯಲ್ಲಿ ಎರಡು ಸಲ ಹೇಳಿಸುತ್ತಾರೆ, "ನಾನು ಕೈ ಎತ್ತಿದಾಗ ಇದನ್ನೇ ಕೂಗಬೇಕು" ಅಂತ. ಆಮೇಲೆ ಡಿಜೆಗೆ ಸನ್ನೆ. ಟ್ರ್ಯಾಕ್ ಶುರುವಾದ ಒಂದು ನಿಮಿಷಕ್ಕೆ ಕೈ ಮೇಲೇಳುತ್ತದೆ, ಮೊದಲ ಸಲ ಅರ್ಧ ಜನ ಕೂಗುತ್ತಾರೆ, ಎರಡನೇ ಪಲ್ಲವಿಗೆ ಎಲ್ಲರೂ. ಮುಂದಿನ ವಾರ ಅದೇ ಜನ ಬಂದರೆ ಹೇಳಿಕೊಡುವ ಕೆಲಸ ಇರುವುದಿಲ್ಲ.